ಮಂಜುನಾಥನ ಹೆಸರಿನಲ್ಲಿ ಬಂದ ರಕ್ತ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷದ ಮಾತು. ಸರ್ಕಾರಿ ಸೇವೆಯಿಂದ ನಿವೃತ್ತಳಾಗಿ ಮಧುಗಿರಿಯಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡಿದ್ದೆ. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಯ ರೋಗಿಗಳ ಜೊತೆಗೆ ಇನ್ನೊಂದು ಕೆಲಸವೂ ನನ್ನ ಪಾಲಿಗಿತ್ತು: ಜೀವ ವಿಮೆಗೆ ಅರ್ಜಿ ಹಾಕುವವರ ವೈದ್ಯಕೀಯ ತಪಾಸಣೆ. ಈ ಕೆಲಸಕ್ಕೆ ಕಂಪನಿ ಗೊತ್ತುಮಾಡಿಕೊಂಡವರನ್ನು ಪ್ಯಾನೆಲ್ ಡಾಕ್ಟರ್ ಎನ್ನುತ್ತಾರೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಕಡೆಯ ಏಜೆಂಟರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಜನರನ್ನು ಕರೆತರುತ್ತಿದ್ದರು. ಎತ್ತರ, ತೂಕ, ಬಿಪಿ, ಇಸಿಜಿ ನಾನು ನೋಡಬೇಕು. ರಕ್ತ, ಮೂತ್ರ ತೆಗೆದು ತುಮಕೂರಿನ ಲ್ಯಾಬಿಗೆ ಕಳಿಸಬೇಕು. ಲ್ಯಾಬಿನ ವರದಿ ನೇರವಾಗಿ ಕಂಪನಿಗೆ ಹೋಗುತ್ತಿತ್ತು.

ಈ ಕೆಲಸದಲ್ಲಿ ಎಲ್ಲವೂ ತಿರುಗುಮುರುಗು. ರೋಗಿಯಾಗಿ ಬಂದವನು ಇಲ್ಲದ ಕಾಯಿಲೆಯನ್ನೂ ಹೇಳಿಕೊಳ್ಳುತ್ತಾನೆ. ವಿಮೆಗೆ ಬಂದವನು ಇರುವ ಕಾಯಿಲೆಯನ್ನೂ ನುಂಗಿಕೊಳ್ಳುತ್ತಾನೆ. ಶಿರಾದ ಬಟ್ಟೆ ವ್ಯಾಪಾರಿಯೊಬ್ಬರು ಸಕ್ಕರೆ ಕಡಿಮೆ ತೋರಿಸಲೆಂದು ಹಿಂದಿನ ದಿನವೇ ಎರಡರಷ್ಟು ಮಾತ್ರೆ ನುಂಗಿ ಬಂದು ನನ್ನ ಬೆಂಚಿನ ಮೇಲೇ ಬೆವತು ಒರಗಿಬಿಟ್ಟಿದ್ದರು. ಬಾಯಿಗೆ ಸಕ್ಕರೆ ಹಾಕಿ ಎಬ್ಬಿಸಿ, ಎದ್ದ ಮೇಲೆ ಚೆನ್ನಾಗಿ ಉಗಿದು ಕಳಿಸಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ‘ಡಾಕ್ಟ್ರಮ್ಮ ಮೊದ್ಲು ಬಯ್ಗುಳ ಕೊಡ್ತಾರೆ, ಆಮೇಲೆ ಗುಳಿಗೆ ಕೊಡ್ತಾರೆ’ ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮುಂದೆಯೂ ಆಡಿಕೊಳ್ಳುತ್ತಿದ್ದರು, ನಾನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಕೋವಿಡ್‌ನಲ್ಲಿ ಒಂದೊಂದು ಬೀದಿಯಲ್ಲೂ ಯಾರಾದರೊಬ್ಬರು ಹೋಗಿದ್ದರಲ್ಲ, ಆ ಹೆದರಿಕೆಗೆ ಆ ವರ್ಷ ವಿಮೆ ಮಾಡಿಸುವವರ ಸಾಲು ದೊಡ್ಡದಾಗಿತ್ತು. ಒಂದು ಬೆಳಿಗ್ಗೆ ಕೊರಟಗೆರೆಯ ಏಜೆಂಟ್ ಗೋವಿಂದಪ್ಪ ಒಬ್ಬನನ್ನು ಕರೆತಂದ. ಅರ್ಜಿಯಲ್ಲಿದ್ದ ಹೆಸರು ಮಂಜುನಾಥ. ಕೊರಟಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ, ವಯಸ್ಸು ನಲವತ್ತರ ಹತ್ತಿರ. ಮುಖಕ್ಕೆ ಮಾಸ್ಕ್ ಇತ್ತು, ತೆಗೆಸಿದೆ. ಆಧಾರ್ ಕಾರ್ಡಿನ ಫೋಟೊ ಪಕ್ಕಕ್ಕಿಟ್ಟು ನೋಡಿದೆ. ಆ ಫೋಟೊಗಳ ಗತಿ ಎಲ್ಲರಿಗೂ ಗೊತ್ತು, ಹೆತ್ತ ತಾಯಿಯೂ ಗುರುತು ಹಿಡಿಯಲಾರಳು. ಮೀಸೆ ಹೊಂದುತ್ತಿತ್ತು, ಹಣೆ ಹೊಂದುತ್ತಿತ್ತು.

“ವಯಸ್ಸಿಗಿಂತ ಚಿಕ್ಕವನಾಗಿ ಕಾಣ್ತೀಯಲ್ಲಪ್ಪ” ಎಂದೆ.

ಅವನು ನಕ್ಕ. ಉತ್ತರ ಕೊಟ್ಟದ್ದು ಗೋವಿಂದಪ್ಪ: “ಕಬ್ಣ ಎತ್ತಿ ಎತ್ತಿ ಮೈ ಹಂಗೈತೆ ಮೇಡಂ.”

ನಕ್ಕಾಗ ಹಲ್ಲು ಕಂಡವು. ಗಂಟಲು ನೋಡಲು ಬಾಯಿ ತೆರೆಸಿದಾಗ ಇನ್ನೂ ಚೆನ್ನಾಗಿ ಕಂಡವು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಪಟ್ಟೆ, ನಡುನಡುವೆ ಸುಣ್ಣದಂಥ ಮಚ್ಚೆ. ಇದು ಫ್ಲೋರೋಸಿಸ್. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಹುಟ್ಟುವ ಮೊದಲೇ ಒಳಗೆ ಅದರ ಕಲೆ ಕೂರುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಪಾವಗಡ ತಾಲ್ಲೂಕಿನ ಆರೋಗ್ಯ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಇಡೀ ಇಡೀ ತರಗತಿಯ ಮಕ್ಕಳ ಬಾಯಲ್ಲಿ ಈ ಹಲ್ಲು ನೋಡಿದ್ದೇನೆ. ಮಾತಾಡಿಸಬೇಕೆಂದೇ “ಚಿಕ್ಕವನಿದ್ದಾಗ ಯಾವೂರ ನೀರು ಕುಡಿದದ್ದು?” ಎಂದು ಕೇಳಿದೆ. “ಅಜ್ಜಿ ಮನೇಲಿ ಬೆಳೆದೋರು ಮೇಡಂ” ಎಂದು ಅದಕ್ಕೂ ಗೋವಿಂದಪ್ಪನೇ ಉತ್ತರಿಸಿದ. ಅಜ್ಜಿ ಮನೆಯಲ್ಲಿ ಬೆಳೆದವರು ನಮ್ಮಲ್ಲಿ ಬೇಕಾದಷ್ಟು ಜನ.

ರಕ್ತ ತೆಗೆಯಲು ಸೂಜಿ ಹಾಕಿದಾಗ ಮಾತ್ರ ಅವನು ಬಾಯಿಬಿಟ್ಟ. ಮುಖ ಆಚೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, “ಅಬ್ಬಾ, ನೊಪ್ಪಿ!” ಎಂದ. ತೆಲುಗಿನಲ್ಲಿ ನೋವು ಎಂದು. ಇಷ್ಟು ದೊಡ್ಡ ಆಳು ಸೂಜಿಗೆ ಹೆದರುತ್ತಾನಲ್ಲ ಎಂದು ನಗು ಬಂತು. “ಆಯ್ತು ಕಣಪ್ಪ, ಕಬ್ಬಿಣ ಎತ್ತೋನು ನೀನು” ಎಂದು ರೇಗಿಸಿದೆ. ಬಿಪಿ, ಇಸಿಜಿ ಚೆನ್ನಾಗಿದ್ದವು. ಹೊಟ್ಟೆ ಒತ್ತಿ ನೋಡಿದಾಗ ನನ್ನ ಕೈಗೆ ಏನೂ ಸಿಗಲಿಲ್ಲ.

ಮಾರನೆಯ ದಿನ ಲ್ಯಾಬಿನ ಪೆಥಾಲಜಿಸ್ಟ್ ಫೋನ್ ಮಾಡಿದರು. ರಕ್ತ ಪರೀಕ್ಷೆಯಲ್ಲಿ ಅಪಾಯದ ಅಂಶ ಸಿಕ್ಕಿದರೆ, ವರದಿ ಯಾರಿಗೇ ಹೋಗಲಿ, ರಕ್ತ ಕಳಿಸಿದ ಡಾಕ್ಟರಿಗೆ ತಕ್ಷಣ ತಿಳಿಸುವುದು ಲ್ಯಾಬಿನ ಪದ್ಧತಿ. ನಮ್ಮ ರಕ್ತದಲ್ಲಿ ಬಿಳಿ ಕಣಗಳು ಒಂದು ಮಿತಿಯಲ್ಲಿರುತ್ತವೆ, ಹೆಚ್ಚೆಂದರೆ ಹನ್ನೊಂದು ಸಾವಿರ. ಮಂಜುನಾಥನ ಹೆಸರಿನ ರಕ್ತದಲ್ಲಿ ಎಪ್ಪತ್ತು ಸಾವಿರ ದಾಟಿದ್ದವು. “ಸ್ಲೈಡ್ ನಾನೇ ನೋಡಿದೆ ಮೇಡಂ. ಸಕ್ಕರೆ ಗಿಕ್ಕರೆ ಎಲ್ಲ ಸರಿಯಾಗಿದೆ, ಆದ್ರೆ ಇದು ಸಿಎಂಎಲ್ ಅನ್ನಿಸ್ತಿದೆ. ಇನ್ನೂ ಮೊದಲ ಹಂತ. ಬೇಗ ಕಳಿಸಿಬಿಡಿ” ಎಂದರು.

ಸಿಎಂಎಲ್ ಎಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ನಾನು ಓದುವ ಕಾಲದಲ್ಲಿ ಆ ಹೆಸರು ಬರೆದರೆ ಮುಂದೆ ಬರೆಯಲು ಏನೂ ಇರುತ್ತಿರಲಿಲ್ಲ. ಈಗ ಹಾಗಲ್ಲ. ದಿನಾ ಒಂದು ಗುಳಿಗೆ ನುಂಗಿಕೊಂಡು, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು, ಹೆಂಡತಿ ಮಕ್ಕಳ ಜೊತೆ ಬಹುಕಾಲ ಬದುಕುವವರಿದ್ದಾರೆ. ಆದರೆ ಗುಳಿಗೆ ಮೊದಲ ಹಂತದಲ್ಲೇ ಶುರುವಾಗಬೇಕು. ಬಿಟ್ಟರೆ ಒಂದು ದಿನ ಕಾಯಿಲೆ ಕಟ್ಟೆ ಒಡೆದಂತೆ ನುಗ್ಗುತ್ತದೆ. ಆಮೇಲೆ ಯಾವ ಗುಳಿಗೆಯೂ ಹಿಡಿತಕ್ಕೆ ತರುವುದು ಕಷ್ಟ. ಹಾಗಾಗಿ ಫೋನಿಟ್ಟಾಗ ನನಗೆ ದುಃಖಕ್ಕಿಂತ ಹೆಚ್ಚಾಗಿ ಸಮಾಧಾನವೇ ಆಯಿತು. ವಿಮೆ ಸಿಗದಿದ್ದರೆ ಹೋಗಲಿ, ಆಸಾಮಿ ಬದುಕುತ್ತಾನೆ ಎಂದುಕೊಂಡೆ. “ನಿನ್ನೆ ಬಂದವನನ್ನು ಈಗಲೇ ಕರೆದುಕೊಂಡು ಬಾ” ಎಂದು ಗೋವಿಂದಪ್ಪನಿಗೆ ಫೋನಿನಲ್ಲಿ ಹೇಳಿದೆ, ಕಾರಣ ಹೇಳಲಿಲ್ಲ. ಎಲ್ಲೋ ಸಹಿ ಬಿಟ್ಟುಹೋಗಿದೆ ಎಂದುಕೊಂಡನೇನೋ.

ಸಂಜೆ ಮಂಜುನಾಥ ಬಂದ. ದಪ್ಪ ಶರೀರ, ಕುತ್ತಿಗೆಯ ಮಡಿಕೆಯಲ್ಲಿ ಸಕ್ಕರೆ ಕಾಯಿಲೆಯವರಲ್ಲಿ ಕಾಣುವಂಥ ಕಪ್ಪು. “ನಮಸ್ಕಾರ ಮೇಡಂ, ಕರೆಸಿದ್ರಂತೆ” ಎಂದು ನಗುತ್ತಾ ಕೂತ. ಹಲ್ಲುಗಳು ತೆಂಗಿನಕಾಯಿ ಚೂರಿನಂತೆ ಬೆಳ್ಳಗಿದ್ದವು.

ನಿನ್ನೆ ನಾನು ನೋಡಿದವನು ಇವನಲ್ಲ. ಬಾಗಿಲು ಹಾಕಿಸಿದೆ. ಗೋವಿಂದಪ್ಪ ಗೋಡೆ ನೋಡುತ್ತಿದ್ದ.

“ನಿನ್ನೆ ಬಂದವನು ಯಾರು?”

“ನಾನೇ ಮೇಡಂ.”

“ನಿನ್ನ ಬೆರಳು ಕೊಡಿಲ್ಲಿ” ಎಂದು ಎಳೆದುಕೊಂಡು ಗ್ಲುಕೋಮೀಟರಿಗೆ ಒಂದು ಹನಿ ಹಾಕಿದೆ. ಸಕ್ಕರೆ ಮುನ್ನೂರರ ಹತ್ತಿರ ತೋರಿಸಿತು. “ನಿನ್ನೆಯ ರಕ್ತದಲ್ಲಿ ಸಕ್ಕರೆ ಸರಿಯಾಗೇ ಇತ್ತು. ನಿನ್ನೆಯ ಹಲ್ಲು ಬೇರೆ, ಇವತ್ತಿನ ಹಲ್ಲು ಬೇರೆ. ಯಾರಿಗೆ ಟೋಪಿ ಹಾಕ್ತಿದೀಯ?”

ಆಗ ಗುಟ್ಟು ನನಗೆ ಗೊತ್ತಾಯಿತು ಎಂದು ಅವನಿಗೂ ಗೊತ್ತಾಯಿತು. ಆದರೂ ಒಪ್ಪಲಿಲ್ಲ. “ಪಾಲ್ಸಿನೇ ಬ್ಯಾಡ ಬುಡಿ ಮೇಡಂ. ಹರಿದು ಎಸೆದ್ಬುಡಿ” ಎಂದು ಎದ್ದುನಿಂತ.

“ಪಾಲಿಸಿ ಹಾಳಾಗಿ ಹೋಗಲಿ! ನಿನ್ನೆ ಬಂದ ಹುಡುಗನಿಗೆ ರಕ್ತದ ಕ್ಯಾನ್ಸರ್ ಇದೆ ಕಣಯ್ಯ. ಅವನಿಗೆ ಗೊತ್ತಿಲ್ಲ. ಗುಳಿಗೆ ತಗೊಂಡರೆ ಬದುಕುತ್ತಾನೆ. ಅವನ ಹೆಸರು ಹೇಳು, ಅಷ್ಟೇ.”

ಮಂಜುನಾಥನ ಮುಖದಲ್ಲಿ ಕಂಡದ್ದು ಹೆದರಿಕೆಯಲ್ಲ, ಅನುಮಾನ. ನಾನು ಸುಳ್ಳು ಹೇಳಿ ಅವನ ಬಾಯಿಂದ ನಿಜ ಹೊರಡಿಸಲು ನೋಡುತ್ತಿದ್ದೇನೆ, ಆಮೇಲೆ ಕಂಪನಿಗೆ ಬರೆದು ಕೇಸು ಹಾಕಿಸುತ್ತೇನೆ ಎಂದೇ ಅವನು ತಿಳಿದಿದ್ದ. “ಲ್ಯಾಬ್ನೋರು ಯಾರದ್ದೋ ರಕ್ತಾನ ಯಾರದ್ದಕ್ಕೋ ಹಾಕಿರ್ತಾರೆ. ಅಂಥ ಗಟ್ಟಿಮುಟ್ಟಾದೋನಿಗೆ ಕ್ಯಾನ್ಸರ್ರಾ?” ಎಂದುಬಿಟ್ಟ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಇಬ್ಬರೂ ಹೊರಟುಹೋದರು. ಆ ದಿನದಿಂದ ಗೋವಿಂದಪ್ಪ ನನ್ನ ಫೋನ್ ಎತ್ತುವುದನ್ನು ಬಿಟ್ಟ.

ಪರೀಕ್ಷೆಗೆ ಬಂದವನು ಅರ್ಜಿದಾರನಲ್ಲ ಎಂದು ಕಂಪನಿಗೆ ಬರೆದೆ. ಅದು ನನ್ನ ಕರ್ತವ್ಯ. ಅರ್ಜಿ ಬಿದ್ದುಹೋಯಿತು. ಆ ವರದಿ ಕಾನೂನಿನ ಪ್ರಕಾರ ಈಗ ಯಾರದ್ದೂ ಅಲ್ಲ. ಆದರೆ ರಕ್ತ ಒಬ್ಬನದೇ ತಾನೆ? ಅವನು ಎಲ್ಲೋ ಬಿಸಿಲಲ್ಲಿ ಕೆಲಸ ಮಾಡಿಕೊಂಡು, ಸಂಜೆ ಮುದ್ದೆ ಉಂಡು, ಏನೂ ಗೊತ್ತಿಲ್ಲದೆ ಮಲಗುತ್ತಿದ್ದ. ಪಾವಗಡದ ನನ್ನ ಹಳೆಯ ಆರೋಗ್ಯ ಕೇಂದ್ರದ ನರ್ಸಿಗೆ ಫೋನ್ ಮಾಡಿ, ಇಂಥ ಹಲ್ಲಿನ, ಇಂಥ ವಯಸ್ಸಿನ ಒಬ್ಬನನ್ನು ಹುಡುಕಬೇಕು ಎಂದೆ. “ಮೇಡಂ, ಇಲ್ಲಿ ಮನೆಗಿಬ್ಬರು ಅಂಥೋರು” ಎಂದಳು. ನಿಜವೇ.

ಭಾನುವಾರ ಕೊರಟಗೆರೆಗೆ ಹೋದೆ. ಅಂಗಡಿ ಮುಚ್ಚಿತ್ತು, ಹಿಂದಿನ ಬೀದಿಯಲ್ಲೇ ಮನೆ. ಮಂಜುನಾಥ ಚನ್ನರಾಯನದುರ್ಗದ ಕಡೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದ. ಬಾಗಿಲು ತೆರೆದದ್ದು ಅವನ ಹೆಂಡತಿ ಸುಜಾತ. ಒಳಗೆ ಕೂರಿಸಿ, ಕಾಫಿ ತಂದುಕೊಟ್ಟಳು. ಮಾತಾಡುವಾಗಲೆಲ್ಲ ಅವಳ ಎಡಗೈ ಬಾಯಿಯ ಹತ್ತಿರ ಹೋಗುತ್ತಿತ್ತು. ನಕ್ಕರೆ ಸೆರಗೇ ಅಡ್ಡ ಬರುತ್ತಿತ್ತು. ಆ ಅಭ್ಯಾಸ ನನಗೆ ಹಳೆಯ ಪರಿಚಯ. ಆ ನೀರು ಕುಡಿದು ಬೆಳೆದ ಹೆಣ್ಣುಮಕ್ಕಳು ಹಾಗೆಯೇ ನಗುವುದು.

“ನಿನ್ನ ತವರು ಪಾವಗಡದ ಕಡೆಯಾ ತಾಯಿ?”

“ಹೂಂ ಮೇಡಂ. ಹೆಂಗ್ ಗೊತ್ತಾಯ್ತು?”

“ತಮ್ಮ ಇದ್ದಾನಾ?”

ಕೈ ಬಾಯಿಯ ಮೇಲೇ ನಿಂತಿತು. ಒಬ್ಬರ ಕಾಯಿಲೆಯನ್ನು ಇನ್ನೊಬ್ಬರಿಗೆ ಹೇಳುವುದು ನಮ್ಮ ವೃತ್ತಿಯಲ್ಲಿ ಸಲ್ಲದು. ಆದರೆ ಅವನನ್ನು ತಲುಪಲು ನನಗಿದ್ದದ್ದು ಇದೊಂದೇ ದಾರಿ. ಹೇಳಿದೆ. ಅವಳು ನಂಬಿದಳು. ಗಂಡನಂತೆ ವಾದ ಮಾಡಲಿಲ್ಲ, ನೆಲದ ಮೇಲೆ ಹಾಗೇ ಕುಕ್ಕರಿಸಿಬಿಟ್ಟಳು.

“ಬ್ಯಾಡ ಅಂದೆ ಮೇಡಂ ನಾನು. ‘ನಂಗೆ ಸಕ್ಕರೆ ಕಾಯ್ಲೆ, ಪಾಲ್ಸಿ ಕೊಡಲ್ಲ, ನಾಳೆ ನಾನು ಹೋದ್ರೆ ನಿಮ್ಮಕ್ಕನ ಗತಿ ಏನ್ಲಾ’ ಅಂತ ಇವ್ರು ಅವ್ನ್ ಮುಂದೆ ಅಂದ್ರು. ಭಾವ ಅಂಗಂದ್ಮೇಲೆ ಅವ್ನು ಇಲ್ಲ ಅಂತಾನಾ? ಅಕ್ಕಂಗೋಸ್ಕರ ಅಂತ ಎದ್ದು ಬಂದ.”

“ಆಯಿತು, ಆದದ್ದು ಆಯಿತು. ನಾಳೆಯೇ ಅವನನ್ನು ಬೆಂಗಳೂರಿಗೆ ಕಳಿಸು. ಕ್ಯಾನ್ಸರ್ ಆಸ್ಪತ್ರೆಗೆ ನಾನೇ ಚೀಟಿ ಬರೆದುಕೊಡುತ್ತೇನೆ.”

ಆಗ ಅವಳು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. “ಅವ್ನಿಗೆ ಮದ್ವೆ ಗೊತ್ತಾಗೈತೆ ಮೇಡಂ. ಎಷ್ಟು ವರ್ಷದಿಂದ ಹೆಣ್ಣು ನೋಡ್ತಿದೀವಿ. ಬಂದೋರೆಲ್ಲ ಹಲ್ಲು ನೋಡಿ ಎದ್ದು ಹೋಗೋರು. ಈ ಹುಡ್ಗಿ ಒಬ್ಳು, ಹಲ್ಲಿಗೇನು, ಮನುಷ್ಯ ಚೆನ್ನಾಗವ್ನೆ ಅಂತ ಒಪ್ಕೊಂಡವ್ಳೆ. ಈಗ ಕ್ಯಾನ್ಸರ್ ಅಂತ ಒಂದ್ ಮಾತು ಆಚೆ ಬಂದ್ರೆ ಮುಗೀತು. ಮದ್ವೆ ಒಂದ್ ಆಗ್ಬುಡ್ಲಿ. ನಾನೇ ಕೈ ಹಿಡ್ಕೊಂಡು ಕರ್ಕೊಂಡ್ ಬತ್ತೀನಿ.”

ನನಗೆ ರೇಗಿಹೋಯಿತು. “ಆ ಹುಡುಗಿಗೆ ಗಂಡ ಬೇಕೋ, ಮದುವೆ ಫೋಟೊ ಬೇಕೋ?” ಎಂದು ಕೂಗಿದೆ. ಆಮೇಲೆ ತಗ್ಗಿ, ಗುಳಿಗೆಯ ವಿಷಯ ಬಿಡಿಸಿ ಹೇಳಿದೆ: ಯಾರಿಗೂ ತಿಳಿಯಬೇಕಾಗಿಲ್ಲ, ಬಿಪಿ ಗುಳಿಗೆಯಂತೆ ನುಂಗಿದರಾಯಿತು, ಹುಡುಗಿಗೂ ಅವನೇ ಒಂದು ಮಾತು ಹೇಳಿದರೆ ಒಳ್ಳೆಯದು, ಹಲ್ಲಿಗೆ ಹೆದರದವಳು ಇದಕ್ಕೂ ಹೆದರಲಿಕ್ಕಿಲ್ಲ. ಸುಜಾತ ಎಲ್ಲಕ್ಕೂ ತಲೆಯಾಡಿಸಿದಳು. ಅವನ ಹೆಸರು, ಊರು ಕೇಳಿದರೆ ಮಾತ್ರ “ಹೆಸ್ರು ಬ್ಯಾಡ ಮೇಡಂ, ನಿಮ್ ಕಾಲಿಗ್ ಬೀಳ್ತೀನಿ. ನಾನ್ ಹೇಳ್ತೀನಿ ಅವ್ನಿಗೆ” ಎಂದಳು. ಹೆಸರಿನ ಜಾಗ ಖಾಲಿ ಬಿಟ್ಟು ಚೀಟಿ ಬರೆದುಕೊಟ್ಟೆ. ನನ್ನ ನಂಬರ್ ಕೊಟ್ಟು ಅವಳದ್ದು ಬರೆದುಕೊಂಡೆ. ಅವಳು ಹೇಳುತ್ತಾಳೆ ಎಂದು ನಂಬಿದೆ. ತಮ್ಮನ ಮೇಲೆ ಅವಳಿಗಿದ್ದ ಪ್ರೀತಿ ಕಣ್ಣಿಗೆ ಕಾಣುತ್ತಿತ್ತಲ್ಲ, ನಂಬದೆ ಏನು ಮಾಡಲಿ?

ಆಮೇಲೂ ಹಲವು ಸಲ ಅವಳಿಗೆ ಫೋನ್ ಮಾಡಿದೆ. ಒಂದೆರಡು ಸಲ “ಹೋಗವ್ನೆ ಮೇಡಂ, ಗುಳಿಗೆ ತಗೋತವ್ನೆ” ಎಂದಳು. ಮುಂದೆ ಆ ನಂಬರ್ ಹೋಗುವುದೇ ನಿಂತಿತು.

ಮರುವರ್ಷದ ಬೇಸಿಗೆ. ಮಧ್ಯಾಹ್ನ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಬಾಗಿಲಲ್ಲಿ ಒಂದು ಕಾರು ನಿಂತಿತು. ಮಂಜುನಾಥನೇ ಓಡಿಸಿಕೊಂಡು ಬಂದಿದ್ದ. ಇಳಿಯಲಿಲ್ಲ, ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದ. ಸುಜಾತ ಮತ್ತು ಹೊಸ ತಾಳಿಯ ಒಬ್ಬ ಹುಡುಗಿ ಹಿಂದಿನ ಸೀಟಿನಲ್ಲಿದ್ದ ಹುಡುಗನನ್ನು ಎರಡೂ ಕಡೆ ಹಿಡಿದುಕೊಂಡು ಒಳಗೆ ತಂದರು. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ತೋಳಲ್ಲಿ ಮಾಂಸವಿಲ್ಲ, ಹೊಟ್ಟೆ ಮಾತ್ರ ಊದಿತ್ತು. ಈ ಕಾಯಿಲೆಯಲ್ಲಿ ಊದಿಕೊಳ್ಳುವುದು ಎಡಪಕ್ಕೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್. ಅಂದು ನನ್ನ ಕೈಗೆ ಸಿಗದಿದ್ದ ಅದು ಇಂದು ಹೊಕ್ಕುಳ ದಾಟಿ ಕೆಳಗೆ ಬಂದಿತ್ತು. ಬಾಯಿ ತೆರೆಸಿದೆ. ಅದೇ ಕಂದು ಪಟ್ಟೆಯ ಹಲ್ಲುಗಳು. ವಸಡಿನಿಂದ ರಕ್ತ ಒಸರುತ್ತಿತ್ತು.

“ಗುರ್ತು ಸಿಕ್ತಾ ಮೇಡಂ?” ಎಂದ ನಗಲು ನೋಡುತ್ತಾ. “ಅವತ್ತಿನ ಮಂಜುನಾಥ ನಾನೇ.”

“ಸಿಕ್ಕಿತಪ್ಪ. ಗುಳಿಗೆ ಯಾವಾಗ ನಿಲ್ಲಿಸಿದೆ?”

“ಯಾವ ಗುಳಿಗೆ?”

ನಾನು ಸುಜಾತಳನ್ನು ನೋಡಿದೆ. ಅವನೂ ನೋಡಿದ. ಅವಳು ಗೋಡೆಗೆ ಒರಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಹುಡುಗಿ ಏನೂ ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಕೊನೆಗೆ ಅವನೇ, “ಅಕ್ಕಾ, ನಿಂಗ್ ಗೊತ್ತಿತ್ತಾ?” ಎಂದ. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದ ಹಾಗಿತ್ತು.

“ಮದ್ವೆ ಆಗ್ಲಿ ಅಂತಿದ್ದೆ ಕಣೋ. ಆದ್ಮೇಲೆ ಹೇಳಾಣ ಅಂದ್ರೆ, ನೀನು ನಗ್ತಾ ಓಡಾಡ್ತಿದ್ದೆ. ಬಾಯಿ ಬರ್ಲಿಲ್ಲ ನಂಗೆ. ಚೆನ್ನಾಗೇ ಇದ್ಯಲ್ಲೋ, ಲ್ಯಾಬ್ನೋರದ್ದೇ ತಪ್ಪಿರ್ಬೇಕು ಅಂದ್ಕೊಂಡ್ಬುಟ್ಟೆ” ಎಂದು ಅವಳು ಅಲ್ಲೇ ಕುಸಿದಳು.

ನನಗೆ ಅವಳನ್ನು ಬಯ್ಯಲಾಗಲಿಲ್ಲ. ಬಯ್ಯುವುದರಲ್ಲಿ ಹೆಸರು ಮಾಡಿದವಳು ನಾನು, ಆ ದಿನ ಫೋನ್ ಕೈಗೆತ್ತಿಕೊಂಡೆ. ಆಂಬುಲೆನ್ಸಿಗೆ ಹೇಳಿ, ಬೆಂಗಳೂರಿಗೆ ಪತ್ರ ಬರೆಯಲು ಕೂತೆ. “ನಿನ್ನ ಹೆಸರು ಹೇಳಪ್ಪ” ಎಂದೆ. “ಓಬಳೇಶ” ಎಂದ. ಅವನ ಹೆಸರನ್ನು ನಾನು ಮೊದಲ ಸಲ ಬರೆದದ್ದು ಆ ಪತ್ರದಲ್ಲಿ.

ಈ ಕಾಯಿಲೆ ಎಲ್ಲರಿಗೂ ಇಷ್ಟು ಬೇಗ ಉಲ್ಬಣಿಸುವುದಿಲ್ಲ. ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಓಬಳೇಶನಿಗೆ ಅಷ್ಟು ಕಾಲ ಸಿಗಲಿಲ್ಲ. ಬೆಂಗಳೂರಿನ ಡಾಕ್ಟರರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ತಿಂಗಳು ತುಂಬುವುದರೊಳಗೆ ಅವನು ತೀರಿಕೊಂಡ.

ಆ ವರ್ಷದ ಮಳೆಗಾಲ ಕಳೆದ ಮೇಲೆ ಒಂದು ದಿನ ಸುಜಾತ ಒಬ್ಬಳೇ ಬಂದಳು. ರೋಗಿಗಳೆಲ್ಲ ಹೋಗುವವರೆಗೂ ಬೆಂಚಿನ ಮೇಲೆ ಕಾದಳು. ಏನಾಗಬೇಕು ಎಂದರೆ ಏನೂ ಇಲ್ಲ ಎಂದಳು. ಆಮೇಲೆ ಕೇಳಿದಳು: “ಅವತ್ತು ಇಲ್ಲಿ ರಕ್ತ ತಗೊಂಡ್ರಲ್ಲ ಮೇಡಂ, ಏನಾರ ಅಂದ್ನಾ ಅವ್ನು?”

“‘ನೊಪ್ಪಿ’ ಅಂದ.”

“ಹೂಂ, ಅಂದಿರ್ತಾನೆ. ಸಣ್ಣೋನಿದ್ದಾಗ್ಲಿಂದ ಸೂಜಿ ಅಂದ್ರೆ ಪ್ರಾಣ ಹೋದಂಗಾಡೋನು. ಸ್ಕೂಲ್ನಾಗೆ ಇಂಜೆಕ್ಷನ್ ಹಾಕೋಕೆ ಬಂದ್ರೆ ನನ್ ಲಂಗದ್ ಹಿಂದೆ ಬಚ್ಚಿಟ್ಕೋತಿದ್ದ.” ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಅಳುತ್ತಿದ್ದಳು, ಹಲ್ಲು ಕಾಣುತ್ತಿದ್ದವು. “ನಂಗೋಸ್ಕರ ಚುಚ್ಚಿಸ್ಕೊಂಡ. ಅದೇ ಸೂಜಿ ಅವ್ನ್ ಜೀವ ಉಳಿಸ್ತಿತ್ತು. ನಾನೇ ಅಡ್ಡ ನಿಂತ್ಕೊಂಡೆ.”

ನಾನು ಅವಳ ಕೈ ಹಿಡಿದುಕೊಂಡು ಕೂತೆ. ಬಸ್ಸಿನ ಹೊತ್ತಾದಾಗ ಎದ್ದು ಹೋದಳು.

ವಿಮೆಯ ತಪಾಸಣೆ ಈಗಲೂ ಮಾಡುತ್ತೇನೆ. ಈಗ ಕಂಪನಿಗಳು ಫೋಟೊ ತೆಗೆಸುತ್ತವೆ, ವಿಡಿಯೊ ಮಾಡಿಸುತ್ತವೆ. ಕಂಪನಿಯ ಹಣ ಕಾಯಲು ಅಷ್ಟು ಸಾಕು. ನನಗೆ ಸಾಲದು. ಹೊಟ್ಟೆ ಒತ್ತಿ ನೋಡುವುದು, ಎದೆ ಆಲಿಸುವುದು ಕಾಲೇಜಿನಲ್ಲಿ ಕಲಿತದ್ದು. ಒಬ್ಬನ ರಕ್ತ ತೆಗೆದ ಮೇಲೆ ಬೇಕಾದಾಗ ಅವನನ್ನು ಕೂಗಿ ಕರೆಯಲು ಬರಬೇಕು ಎನ್ನುವುದನ್ನು ನನಗೆ ಕಲಿಸಿದ್ದು ಓಬಳೇಶ. ಹಾಗಾಗಿ ಸೂಜಿ ಕೈಗೆತ್ತಿಕೊಳ್ಳುವ ಮೊದಲು ಏಜೆಂಟನನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತೇನೆ. ಎದುರು ಕೂತವನಿಗೆ ಹೇಳುತ್ತೇನೆ: “ಅರ್ಜಿ ಯಾರ ಹೆಸರಲ್ಲಾದರೂ ಇರಲಿ. ಬೇರೆಯವರಿಗಾಗಿ ಬಂದಿದ್ದರೆ ಎದ್ದು ಮನೆಗೆ ಹೋಗು, ನಾನೇನೂ ಕೇಳುವುದಿಲ್ಲ. ಚುಚ್ಚಿಸಿಕೊಳ್ಳುವುದಾದರೆ ಮಾತ್ರ ನಿನ್ನ ಹೆಸರು ಹೇಳು. ನಿಮ್ಮಮ್ಮ ಕರೆಯುವ ಹೆಸರು.” ಹೆಚ್ಚಿನವರು ಮುದುಕಿಗೆ ಅರಳುಮರಳು ಎಂದುಕೊಂಡು ನಗುತ್ತಾ ಹೇಳುತ್ತಾರೆ. ಒಬ್ಬಿಬ್ಬರು ಮಡಚಿದ ಅಂಗಿಯ ತೋಳನ್ನು ಇಳಿಸಿಕೊಂಡು ಎದ್ದು ಹೋಗಿದ್ದಾರೆ. ನಾನು ಅವರನ್ನು ತಡೆಯುವುದಿಲ್ಲ. ಬಾಗಿಲ ತನಕ ಹೋಗಿ, ಬಿಪಿ ಒಂದು ನೋಡಿಸಿಕೊಂಡು ಹೋಗಪ್ಪ, ದುಡ್ಡು ಬೇಡ ಎಂದು ಕರೆಯುತ್ತೇನೆ. ಹೆಸರು ಗೊತ್ತಿಲ್ಲದ್ದಕ್ಕೆ, ಅಪ್ಪ ಎಂದೇ ಕರೆಯಬೇಕಾಗುತ್ತದೆ.